ಹನ್ನೊಂದು ಕಿಲೋ

ಆ ಹುಡುಗಿ ವೀಗೋದಿಂದ ಬಂದಳು, ಸಬೇಲಾ ಅಂತ ಹೆಸರು,
ಕೈಯಲ್ಲೊಂದು ಟೇಪು, ತೂಕದ ಯಂತ್ರ,
ಹಲಗೆಗೆ ಸಿಕ್ಕಿಸಿದ ನಾಲ್ಕು ಹಾಳೆ ಫಾರಂ.
ಬಿಳಿ ಟೊಪ್ಪಿಗೆಯೊಳಗೆ ಕೂದಲು ತುರುಕಿಕೊಂಡು
ಮೊದಲು ಕೇಳಿದ್ದು, "ಬಸುರಿ ಯಾರು?"
ನಾವೆಲ್ಲ ಚಾಕು ತೋರಿಸಿದೆವು ಈರಿಯಾಳ ಕಡೆಗೆ.
ತೋರಿಸುವ ಅಗತ್ಯವೇನಿತ್ತು, ಆರು ತಿಂಗಳು,
ಏಪ್ರನ್ನಿನ ದಾರ ಹಿಂದಕ್ಕೆ ಸಾಲದೆ
ಪೆಟ್ಟಿಗೆ ಕಟ್ಟುವ ಹುರಿ ಸೇರಿಸಿ ಗಂಟು ಹಾಕಿದ್ದಳು.

ಮೇಜಿನೆತ್ತರ ಅಳೆದಳು. ನೆಲದ ಮೇಲೆ ಬೂಟು ಉಜ್ಜಿ
ಎಷ್ಟು ಜಾರುತ್ತದೆಂದು ನೋಡಿದಳು.
ಕುದಿಯುವ ತೊಟ್ಟಿಯ ಹಬೆ, ಕ್ಲೋರಿನ್ನಿನ ಘಾಟು,
ನೀಲಿಕಲ್ಲು ಸುರಿಯುವ ಯಂತ್ರದ ಸದ್ದು,
ಎಲ್ಲಕ್ಕೂ ಒಂದೊಂದು ಅಂಕಿ ಇತ್ತು ಅವಳ ಹತ್ತಿರ.
ಆಮೇಲೆ ಬೂತಾಯಿ ತುಂಬಿದ ಟ್ರೇ ತೂಕಕ್ಕಿಟ್ಟಳು.
ಹನ್ನೊಂದು ಕಿಲೋ, ಇನ್ನೂರು ಗ್ರಾಂ.

ಮೂವತ್ತೆಂಟು ವರ್ಷ ಎತ್ತಿದ್ದೇನೆ ಅದನ್ನು.
ಸೊಂಟಕ್ಕೆ ಗೊತ್ತಿತ್ತು, ಮಂಡಿಗೆ ಗೊತ್ತಿತ್ತು,
ನನಗೆ ಯಾರೂ ಹೇಳಿರಲಿಲ್ಲ.

ಫೋರ್ಮನ್ ಲೊರೆನ್ಸೊ ಪಕ್ಕದಲ್ಲೇ ನಿಂತಿದ್ದ,
"ನಮ್ಮಲ್ಲಿ ಇಂಥ ತೊಂದರೆಯೇ ಆಗಿಲ್ಲ" ಅಂದ.
ಒಳ್ಳೆಯವನೇ. ಯಾರದಾದರೂ ಹುಟ್ಟುಹಬ್ಬಕ್ಕೆ ಕೇಕು ತರುತ್ತಾನೆ.
ಅವನ ತಾಯಿ ನನ್ನ ಎಡಕ್ಕೇ ನಿಲ್ಲುತ್ತಿದ್ದಳು,
ಅವನನ್ನು ಹೊತ್ತುಕೊಂಡೇ ಮೀನಿನ ತಲೆ ತೆಗೆದಳು
ನೀರೊಡೆಯುವ ದಿನದ ತನಕ.

ಮೂರನೆಯ ಹಾಳೆಯಲ್ಲಿ ಒಂದು ಪ್ರಶ್ನೆ:
ಈ ಜಾಗದಲ್ಲಿ ಹಿಂದೆ ಯಾರಿಗಾದರೂ ಏನಾದರೂ ಆಗಿತ್ತೇ?
ಸಬೇಲಾ ಗಟ್ಟಿಯಾಗಿ ಓದಿದಳು, ಯಂತ್ರದ ಸದ್ದು ಮೀರಿ.
ಯಾರೂ ತಲೆಯೆತ್ತಲಿಲ್ಲ.
ಮೀನಿನ ಬೆನ್ನೆಲುಬು ಚಿಟ್ ಚಿಟ್ ಮುರಿಯುತ್ತಿತ್ತು.

"ಎಂಬತ್ತೊಂಬತ್ತು, ಅಕ್ಟೋಬರ್."
ಅಂದದ್ದು ನಾನೇ ಎಂದು ತಿಳಿಯಲು ಕೊಂಚ ಹೊತ್ತು ಬೇಕಾಯಿತು.
"ಐದನೇ ತಿಂಗಳು. ಮಧ್ಯಾಹ್ನದ ಪಾಳಿ.
ತೊಡೆಯಲ್ಲಿ ಬಿಸಿ ಇಳಿಯಿತು, ತೊಟ್ಟಿಯ ನೀರೆಂದುಕೊಂಡೆ.
ಗಂಟೆ ಹೊಡೆಯಲು ಇನ್ನೂ ನಲವತ್ತು ನಿಮಿಷ ಇತ್ತು.
ನಿಂತೇ ಇದ್ದೆ."

ಅವಳು ಪೆನ್ನು ಎತ್ತಿದಳು. "ಹೆಸರು?"
"ಇಟ್ಟಿರಲಿಲ್ಲ" ಅಂದೆ.
ಅವಳು ಕೇಳಿದ್ದು ನನ್ನ ಹೆಸರು.
ದೊಸಿಂದಾ, ಅಂದೆ ಆಮೇಲೆ. ಬರೆದುಕೊಂಡಳು,
ಅಕ್ಷರ ಕೊಂಚ ಸೊಟ್ಟಗೆ.

ಹದಿನೈದು ದಿನಕ್ಕೆ ಕುರ್ಚಿ ಬಂತು,
ಈ ಸಾಲಿಗೆ ಬಂದ ಮೊದಲ ಕುರ್ಚಿ,
ಬೆನ್ನಿಗೆ ಒರಗು, ಕಾಲಿಗೆ ಪಟ್ಟಿ.
ಟ್ರೇ ಎತ್ತಿಕೊಡಲು ಬ್ರಾಯಿಸ್ ಎಂಬ ಹುಡುಗ.
ಈರಿಯಾ ಕೂತಳು, ಕದ್ದು ಕೂತವಳ ಹಾಗೆ, ಅಂಚಿನಲ್ಲಿ.
"ರಾಣಿಯಮ್ಮ" ಅಂತ ಯಾರೋ ಗೊಣಗಿದರು.
ಗೊಣಗಿದ್ದು ಕರ್ಮಿಞಾ. ನಾನು ನಕ್ಕೆ.
ಸುಳ್ಳು ಯಾಕೆ ಹೇಳಲಿ, ಆ ದಿನ ನನಗೂ ಹೊಟ್ಟೆ ಉರಿದಿತ್ತು.

ಹೆಣ್ಣು ಮಗು. ಅಳಿವೆಯ ಮೇಲೆ ಮಂಜು ಕವಿದ ಜನವರಿಯಲ್ಲಿ.
ಬೇಸಗೆಗೆ ಮುಂಚೆ ಈರಿಯಾ ಕೆಲಸಕ್ಕೆ ಮರಳಿದಳು,
ಎದೆ ಬಿಗಿದು, ಅಂಗಿ ಎರಡು ಕಡೆ ಒದ್ದೆ.
ಲೇಬಲ್ಲಿನ ಉಗ್ರಾಣ ಖಾಲಿ ಮಾಡಿಸಿದ್ದರು,
ಒಳಗಿನಿಂದ ಚಿಲಕ, ಪುಟ್ಟದೊಂದು ಫ್ರಿಜ್ಜು.
ಹಾಲು ಹಿಂಡಿದ ಬಾಟಲಿಗೆ
ಕೆಟ್ಟ ಲೇಬಲ್ಲಿನ ಹಿಂಬದಿ ತಿರುಗಿಸಿ ಅಂಟಿಸುತ್ತಾಳೆ,
ಗಂಟೆ, ತಾರೀಖು ಬರೆದು.
ಬೆಳಕಿಗೆ ಹಿಡಿದರೆ ಹಾಲಿನ ಮೇಲೆ ಮೀನು ಮೂಡುತ್ತದೆ, ತಲೆಕೆಳಗಾಗಿ.

ಕುರ್ಚಿಯನ್ನು ಯಾರೂ ಒಯ್ಯಲಿಲ್ಲ.
ನಿನ್ನೆ ಊಟದ ಹೊತ್ತು, ಹಬೆ ಇಳಿದಿತ್ತು,
ಮೊದಲು ಅದರ ಮೇಲೆ ನನ್ನ ಚೀಲ ಇಟ್ಟೆ.
ಆಮೇಲೆ ಚೀಲ ತೆಗೆದು ನಾನು ಕೂತೆ.
ಈರಿಯಾ ಉದ್ದನೆಯ ಹೆಂಗಸು, ಅವಳ ಅಳತೆಗೆ ಬಿಗಿದಿದ್ದಾರೆ,
ಪಟ್ಟಿಗೆ ನನ್ನ ಕಾಲು ಎಟುಕಲಿಲ್ಲ.
ತಗ್ಗಿಸುವ ಹಿಡಿ ಎಲ್ಲಿದೆಯೋ ಹುಡುಕಲಿಲ್ಲ.
ಲೊರೆನ್ಸೊ ಬಾಗಿಲಲ್ಲಿ ನಿಂತು ನೋಡಿದ,
ಗಡಿಯಾರ ನೋಡಿದ,
ಏನೋ ಮರೆತವನ ಹಾಗೆ ಹೊರಗೆ ಹೋದ.
ರಬ್ಬರ್ ಬೂಟು ತೂಗಾಡಿಸುತ್ತ ಬ್ರೆಡ್ಡು ತಿಂದೆ.